ಲಂಡನ್‌ನಲ್ಲಿ ಇಥಿಯೋಪಿಯಾ ಊಟ: ಒಂದೇ ತಟ್ಟೆಗೆ ಕೂರುವ ಮುಂಚೆ ನಮ್ಮ ಕುಟುಂಬಗಳು ತಿಳಿದಿರಬೇಕಾದದ್ದು

ಗಲ್ಫ್ ಕನ್ನಡಿಗರಲ್ಲಿ ಲಂಡನ್‌ಗೆ ಹೋಗಿ ಬರುವವರು ಈಗ ಅಪರೂಪವೇನಲ್ಲ. ಒಬ್ಬರ ಮಗಳು ಅಲ್ಲಿ ಓದುತ್ತಿರುತ್ತಾಳೆ, ಇನ್ನೊಬ್ಬರ ತಮ್ಮ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ದುಬೈನಿಂದಲೋ ದಮ್ಮಾಮ್‌ನಿಂದಲೋ ಹೊರಡುತ್ತಾರೆ, ಅಮ್ಮ ಮತ್ತು ಅಜ್ಜಿ ಊರಿಂದ ಬರುತ್ತಾರೆ. ಹೀಗೆ ಎಲ್ಲರೂ ಒಟ್ಟು ಸೇರುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಅದೂ ಹತ್ತು ಹದಿನೈದು ದಿನದ ಮಟ್ಟಿಗೆ. ಆ ದಿನಗಳಲ್ಲಿ ಹೊರಗೆ ಊಟಕ್ಕೆ ಕೂತಾಗಲೂ ಮಗನಿಗೆ ಬರ್ಗರ್, ಮಗಳಿಗೆ ಪಾಸ್ತಾ, ಅಜ್ಜಿಗೆ ಬರೀ ಆಲೂಗಡ್ಡೆ ಚಿಪ್ಸ್ ಅಂತ ಆದ್ರೆ ದುಡ್ಡು ಖರ್ಚಾಗುತ್ತದೆಯೇ ಹೊರತು ಒಟ್ಟಿಗೆ ಉಂಡ ಸಮಾಧಾನ ಇರುವುದಿಲ್ಲ.

ಇಂಥ ಕುಟುಂಬಗಳಿಗೆ ಒಂದು ಸಂಜೆ ಇಥಿಯೋಪಿಯಾ ಹೋಟೆಲ್‌ಗೆ ಹೋಗಿ ಅಂತ ಧೈರ್ಯವಾಗಿ ಹೇಳಬಹುದು. ಅಲ್ಲಿ ದೊಡ್ಡದೊಂದು ತಟ್ಟೆಯ ಸುತ್ತ ಮನೆಯವರೆಲ್ಲ ಕೂತು ಕೈಯಲ್ಲೇ ತಿನ್ನುವುದು ಪದ್ಧತಿ. ಆದರೆ ಒಂದೇ ತಟ್ಟೆ ಅಂದ ಕೂಡಲೇ ನಮ್ಮವರಲ್ಲಿ ಪ್ರಶ್ನೆಗಳು ಏಳುತ್ತವೆ. ಸಸ್ಯಾಹಾರಿಗಳು ಏನು ಮಾಡಬೇಕು? ಮಾಂಸ ಯಾವುದು, ಹಲಾಲ್ ಹೌದಾ? ಎಂಜಲು ಆಗುವುದಿಲ್ಲವಾ? ಬಿಲ್ ಎಷ್ಟಾಗಬಹುದು? ಇದೆಲ್ಲವನ್ನೂ ಆರ್ಡರ್ ಕೊಡುವ ಮುಂಚೆಯೇ ಇತ್ಯರ್ಥ ಮಾಡಿಕೊಂಡರೆ ಊಟ ಸುಖವಾಗಿ ಮುಗಿಯುತ್ತದೆ. ತಟ್ಟೆ ಮೇಜಿಗೆ ಬಂದ ಮೇಲೆ ಕೇಳಿದರೆ ಯಾರೋ ಒಬ್ಬರು ಹಸಿದುಕೊಂಡೇ ಎದ್ದು ಬರಬೇಕಾಗುತ್ತದೆ. ಅದಕ್ಕಾಗಿ ಈ ಮಾಹಿತಿ.

ಇಂಜೆರಾ ಅಂದ್ರೆ ಏನು?

ಈ ಊಟದ ಬುನಾದಿ ಇಂಜೆರಾ. ನಮ್ಮ ದೋಸೆಯ ಹತ್ತಿರದ ಸಂಬಂಧಿ ಅಂದುಕೊಳ್ಳಿ. ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ದುಂಡನೆಯ ಕಾವಲಿಯ ಮೇಲೆ ಒಂದೇ ಬದಿ ಬೇಯಿಸುತ್ತಾರೆ. ಮೇಲ್ಭಾಗದಲ್ಲಿ ಸೆಟ್ ದೋಸೆಯಲ್ಲಿ ಇರುವ ಹಾಗೆ ತುಂಬಾ ಕಣ್ಣುಗಳಿರುತ್ತವೆ. ಮೆತ್ತಗೆ, ಸ್ಪಂಜಿನಂತೆ ಇರುತ್ತದೆ, ಹುಳಿ ನಮ್ಮ ದೋಸೆಗಿಂತ ಸ್ವಲ್ಪ ಜಾಸ್ತಿ. ಇದನ್ನೇ ತಟ್ಟೆಯ ಮೇಲೆ ಹಾಸಿ, ಅದರ ಮೇಲೆ ಬೇರೆ ಬೇರೆ ಪಲ್ಯ, ಗೊಜ್ಜು, ಸಾರುಗಳನ್ನು ಗುಡ್ಡೆ ಗುಡ್ಡೆಯಾಗಿ ಬಡಿಸುತ್ತಾರೆ. ಪಕ್ಕದಲ್ಲಿ ಸುರುಳಿ ಸುತ್ತಿದ ಇಂಜೆರಾ ಬೇರೆ ಕೊಡುತ್ತಾರೆ. ಅದರಿಂದ ತುಂಡು ಹರಿದು, ಪಲ್ಯವನ್ನು ಅದರಲ್ಲೇ ಹಿಡಿದು ಬಾಯಿಗಿಡುವುದು. ಚಮಚ ಬೇಕಾಗಿಲ್ಲ. ಕೊನೆಗೆ ಸಾರು ಹೀರಿಕೊಂಡ ಕೆಳಗಿನ ಇಂಜೆರಾ ಉಳಿಯುತ್ತದೆ, ರುಚಿ ಎಲ್ಲ ಅದರಲ್ಲೇ ಇರುತ್ತದೆ.

ಇಂಜೆರಾಕ್ಕೆ ಬಳಸುವ ಧಾನ್ಯದ ಹೆಸರು ಟೆಫ್. ಕಾಳು ಗಸಗಸೆಯಷ್ಟು ಸಣ್ಣದು (ಗಸಗಸೆಯನ್ನು ಬ್ಯಾಗಿನಲ್ಲಿ ಗಲ್ಫ್‌ಗೆ ತರಬಾರದು ಅಂತ ನಮಗೆಲ್ಲ ಗೊತ್ತಿದೆ, ಟೆಫ್‌ಗೆ ಆ ತೊಂದರೆ ಇಲ್ಲ). ಸಸ್ಯಶಾಸ್ತ್ರದ ಪ್ರಕಾರ ಟೆಫ್ ಮತ್ತು ನಮ್ಮ ರಾಗಿ ಒಂದೇ ಉಪಕುಟುಂಬಕ್ಕೆ ಸೇರಿದವು. ಅಷ್ಟೇ ಅಲ್ಲ, ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಭಾರತಕ್ಕೆ ಬಂದು ಮಂಡ್ಯ, ಹಾಸನ, ಕೋಲಾರದ ಮುದ್ದೆಯಾಯಿತು. ಇಥಿಯೋಪಿಯಾದಲ್ಲಿ ಇವತ್ತಿಗೂ ರಾಗಿ ಬೆಳೆಯುತ್ತಾರೆ, ಅಲ್ಲಿ ಅದರ ಹೆಸರು ದಗುಸ್ಸಾ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಗುರೆಳ್ಳಿನ (ಹುಚ್ಚೆಳ್ಳು) ತವರೂ ಇಥಿಯೋಪಿಯಾ. ಅಲ್ಲಿ ಅದರಿಂದ ಅಡುಗೆ ಎಣ್ಣೆ ತೆಗೆಯುತ್ತಾರೆ. ಮಸಾಲೆಯಲ್ಲೂ ಮೆಂತ್ಯ, ಓಮ, ಶುಂಠಿ, ಏಲಕ್ಕಿ ಜಾತಿಯ ಕಾಳು ಎಲ್ಲ ಇರುತ್ತವೆ. ಹಾಗಾಗಿ ಊರಿಂದ ಬಂದ ಅಜ್ಜಿಗೂ ವಾಸನೆ ಪೂರ್ತಿ ಪರಕೀಯ ಅನ್ನಿಸುವುದಿಲ್ಲ.

ಲಂಡನ್‌ನಲ್ಲಿ ಎಲ್ಲಿ ಸಿಗುತ್ತದೆ?

1974ರಲ್ಲಿ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೈನ್ಯ ಪದಚ್ಯುತಗೊಳಿಸಿದ ಮೇಲೆ ನಡೆದ ಹಿಂಸೆಯಿಂದ ತಪ್ಪಿಸಿಕೊಂಡು ಅನೇಕ ಇಥಿಯೋಪಿಯನ್ನರು ಬ್ರಿಟನ್‌ಗೆ ಬಂದರು. ಎರಿಟ್ರಿಯಾ ಕೂಡ 30 ವರ್ಷ ಹೋರಾಡಿ 1993ರಲ್ಲಿ ಪ್ರತ್ಯೇಕ ದೇಶವಾಯಿತು, ಅಲ್ಲಿಯ ಜನರೂ ಬಂದರು. ಲಂಡನ್‌ನ ಈ ಹೋಟೆಲ್‌ಗಳನ್ನು ಕಟ್ಟಿದವರು ಹೀಗೆ ಬಂದ ಸಮುದಾಯದವರು. ನಿಮ್ಮ ಹತ್ತಿರದ ಹೋಟೆಲ್ ಎರಿಟ್ರಿಯಾದ್ದಾದರೂ ಚಿಂತೆ ಇಲ್ಲ, ಊಟ ಬಹುಮಟ್ಟಿಗೆ ಒಂದೇ. ಕೆಲವು ಹೆಸರುಗಳು ಮಾತ್ರ ಬೇರೆ.

ಉತ್ತರ ಲಂಡನ್‌ನಲ್ಲಿ ಕಿಂಗ್ಸ್ ಕ್ರಾಸ್ ಪಕ್ಕದ ಕ್ಯಾಲಿಡೋನಿಯನ್ ರಸ್ತೆಯ ಆಡಿಸ್, ಕೆಂಟಿಶ್ ಟೌನ್ ಮತ್ತು ಟಫ್ನೆಲ್ ಪಾರ್ಕ್ ನಡುವಿನ ಫೋರ್ಟೆಸ್ ರಸ್ತೆಯ ಕ್ವೀನ್ ಆಫ್ ಶೀಬಾ ಹೆಸರಾದವು. ಪೂರ್ವದ ಡಾಲ್‌ಸ್ಟನ್‌ನ ಆಂಡು ಕೆಫೆ ಪೂರ್ತಿ ಸಸ್ಯಾಹಾರಕ್ಕೆ ಹೆಸರು ಮಾಡಿದ್ದು. ದಕ್ಷಿಣದಲ್ಲಿ ಕ್ಯಾಂಬರ್‌ವೆಲ್‌ನ ಝೆರೆಟ್ ಕಿಚನ್, ಬ್ರಿಕ್ಸ್‌ಟನ್ ರಸ್ತೆಯ ಎರಿಟ್ರಿಯನ್ ಹೋಟೆಲ್ ಅಡುಲಿಸ್ ಇವೆ. ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ನೋಡಲು ನಮ್ಮವರು ತಪ್ಪದೆ ಹೋಗುತ್ತಾರಲ್ಲ, ಅಲ್ಲಿಂದ ಈ ದಕ್ಷಿಣದ ಹೋಟೆಲ್‌ಗಳು ದೂರವಲ್ಲ. ಪ್ರತಿಮೆ ನೋಡಿ ಸಂಜೆ ಊಟ ಮುಗಿಸಿಕೊಂಡು ಬರುವ ಹಾಗೆ ಯೋಜನೆ ಹಾಕಿಕೊಳ್ಳಬಹುದು.

ಹೊರಡುವ ಮುಂಚೆ ಫೋನ್ ಮಾಡಿ. ಇವು ಹೆಚ್ಚಾಗಿ ಮನೆಯವರೇ ನಡೆಸುವ ಚಿಕ್ಕ ಹೋಟೆಲ್‌ಗಳು. ಕೆಲವು ಸಂಜೆ ಮಾತ್ರ ತೆರೆಯುತ್ತವೆ, ಸಮಯ ಬದಲಾಗುತ್ತಿರುತ್ತದೆ, ಕೆಲವೊಮ್ಮೆ ಜಾಗವೂ ಬದಲಾಗುತ್ತದೆ. 5-6 ಜನ ಇದ್ರೆ ಮೇಜು ಬುಕ್ ಮಾಡಿಕೊಳ್ಳಿ. ಮೆಸೊಬ್ ಅನ್ನುವ, ಬೆತ್ತದ ಬುಟ್ಟಿಯಂಥ ತಗ್ಗು ಮೇಜು ಮತ್ತು ಗಿಡ್ಡ ಪೀಠ ಫೋಟೋಗೆ ಚೆನ್ನಾಗಿರುತ್ತದೆ. ಮಂಡಿ ನೋವಿರುವ ಹಿರಿಯರಿದ್ದರೆ ಸಾಧಾರಣ ಮೇಜು ಕುರ್ಚಿಯೇ ಬೇಕು ಅಂತ ಮೊದಲೇ ಹೇಳಿಡಿ. ಹೋಟೆಲ್‌ನ ಶುಚಿತ್ವಕ್ಕೆ ಸರ್ಕಾರದ 0ಯಿಂದ 5ರವರೆಗಿನ ರೇಟಿಂಗ್ ಇರುತ್ತದೆ. ಇಂಗ್ಲೆಂಡಿನಲ್ಲಿ ಅದನ್ನು ಬಾಗಿಲಿಗೆ ಅಂಟಿಸುವುದು ಕಡ್ಡಾಯವಲ್ಲ, ಆದರೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು.

ಮೆನು ಓದುವ ಬಗೆ

ಮೆನುವಿನಲ್ಲಿ ಹೆಸರುಗಳು ಅಂಹಾರಿಕ್ ಭಾಷೆಯವು. ಈ ಕೆಲವು ಶಬ್ದ ಗೊತ್ತಿದ್ದರೆ ಮುಕ್ಕಾಲು ಭಾಗ ಅರ್ಥವಾದ ಹಾಗೆ:

- ವೊಟ್: ಗಟ್ಟಿ ಸಾರು ಅಥವಾ ಗೊಜ್ಜು. ತುಂಬಾ ಈರುಳ್ಳಿಯನ್ನು ನಿಧಾನವಾಗಿ ಬಾಡಿಸಿ ಮಾಡುವುದು.
- ಕೈ: ಕೆಂಪು, ಅಂದ್ರೆ ಖಾರ. ಬೆರ್ಬೆರೆ ಅನ್ನುವ ಮೆಣಸಿನ ಮಸಾಲೆ ಹಾಕಿದ್ದು.
- ಅಲಿಚಾ: ಖಾರವಿಲ್ಲದ್ದು, ಅರಿಸಿನದ ಬಣ್ಣದ್ದು. ಮಕ್ಕಳಿಗೂ ಹಿರಿಯರಿಗೂ ಹೇಳಿ ಮಾಡಿಸಿದ್ದು.
- ಡೋರೋ: ಕೋಳಿ. ಡೋರೋ ವೊಟ್‌ನಲ್ಲಿ ಬೇಯಿಸಿದ ಇಡೀ ಮೊಟ್ಟೆಯೂ ಇರುತ್ತದೆ.
- ಬೆಗ್ ಅಥವಾ ಯೆಬೆಗ್: ಕುರಿ ಮಾಂಸ.
- ಸಿಗಾ: ಮಾಂಸ. ಸುಮ್ಮನೆ ಸಿಗಾ ಅಂತ ಬರೆದಿದ್ದರೆ ಸಾಮಾನ್ಯವಾಗಿ ದನದ ಮಾಂಸ.
- ಅಸಾ: ಮೀನು.
- ಟಿಬ್ಸ್: ಈರುಳ್ಳಿ, ಮೆಣಸಿನಕಾಯಿ ಜೊತೆ ಹುರಿದ ಮಾಂಸದ ತುಂಡು. ದನದ್ದೂ ಇರುತ್ತದೆ, ಕುರಿಯದ್ದೂ ಇರುತ್ತದೆ, ಕೇಳಿ ತಗೊಳ್ಳಿ.
- ಕಿಟ್ಫೋ: ಕೊಚ್ಚಿದ ದನದ ಮಾಂಸ. ಸಾಂಪ್ರದಾಯಿಕವಾಗಿ ಹಸಿಯಾಗಿಯೇ ಬಡಿಸುತ್ತಾರೆ. ಬೇಯಿಸಿದ್ದು ಬೇಕಾದ್ರೆ ಸ್ಪಷ್ಟವಾಗಿ ಹೇಳಬೇಕು.
- ಮಿಸಿರ್: ಕೆಂಪು ಮಸೂರ ಬೇಳೆ. ನಮ್ಮ ಗಟ್ಟಿ ತೊವ್ವೆಯ ಹಾಗೆ.
- ಶಿರೋ: ಹುರಿದ ಕಡಲೆ ಜಾತಿಯ ಹಿಟ್ಟಿನ ಗೊಜ್ಜು. ಉತ್ತರ ಕರ್ನಾಟಕದ ಝುಣಕ ತಿಂದವರಿಗೆ ತಕ್ಷಣ ಹಿಡಿಸುತ್ತದೆ.
- ಗೊಮೆನ್: ಸೊಪ್ಪಿನ ಪಲ್ಯ. ಟಿಕಿಲ್ ಗೊಮೆನ್ ಅಂದ್ರೆ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ಪಲ್ಯ.
- ಅಯಿಬ್: ಉಪ್ಪಿಲ್ಲದ ಪನೀರ್ ಪುಡಿಯಂಥದ್ದು.
- ಬೆಯಾಯ್ನೆತು: ಎಲ್ಲ ಬಗೆಯೂ ಸ್ವಲ್ಪ ಸ್ವಲ್ಪ ಇರುವ ತಟ್ಟೆ. ಮೊದಲ ಸಲ ಹೋಗುವವರು ಇದನ್ನೇ ತಗೊಳ್ಳುವುದು ಒಳ್ಳೆಯದು.

ಸಸ್ಯಾಹಾರಿಗಳು ಗಮನಿಸಬೇಕಾದದ್ದು

ಸಸ್ಯಾಹಾರಿಗಳಿಗೆ ಲಂಡನ್‌ನಲ್ಲಿ ಇಷ್ಟು ತುಂಬಿದ ತಟ್ಟೆ ಸಿಗುವ ವಿದೇಶಿ ಹೋಟೆಲ್‌ಗಳು ಕಡಿಮೆ. ಕಾರಣ ಉಪವಾಸ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮುಂಚಿನ 55 ದಿನ ಮಾಂಸ, ಮೊಟ್ಟೆ, ಹಾಲು, ತುಪ್ಪ ಮುಟ್ಟುವುದಿಲ್ಲ. ಅದಕ್ಕೇ ಬೇಳೆ, ಸೊಪ್ಪು, ತರಕಾರಿಯ ಅಡುಗೆ ಅಲ್ಲಿ ಅಷ್ಟು ಬೆಳೆದಿದೆ. ನಮ್ಮಲ್ಲಿ ಏಕಾದಶಿಗೆ ಬೇರೆ ಅಡುಗೆ ಇದ್ದ ಹಾಗೆ. ಮೆನುವಿನಲ್ಲಿ ಯೆಟ್ಸೊಮ್ ಅಂದ್ರೆ ಉಪವಾಸದ್ದು. 'ಯೆಟ್ಸೊಮ್ ಬೆಯಾಯ್ನೆತು' ಅಂತ ಕೇಳಿದರೆ ಐದಾರು ಬಗೆಯ ತಟ್ಟೆ ಬರುತ್ತದೆ.

ಆದರೂ ನಾಲ್ಕು ಎಚ್ಚರಿಕೆ. ಒಂದು, ಬೊಜೆನಾ ಶಿರೋ ಅಂತ ಬರೆದಿದ್ದರೆ ಅದರಲ್ಲಿ ಮಾಂಸ ಇರುತ್ತದೆ. ಗೊಮೆನ್ ಬೆ ಸಿಗಾ ಅಂದ್ರೂ ಮಾಂಸ ಹಾಕಿದ ಸೊಪ್ಪು. ಹೆಸರಿನ ಮೊದಲ ಶಬ್ದ ಮಾತ್ರ ನೋಡಿ ಆರ್ಡರ್ ಮಾಡ್ಬೇಡಿ. ಎರಡು, ಕೆಲವರ ಲೆಕ್ಕದಲ್ಲಿ ಉಪವಾಸಕ್ಕೆ ಮೀನು ನಡೆಯುತ್ತದೆ. ಹಾಗಾಗಿ ಮೀನು ಬೇಡ ಅಂತ ಬೇರೆಯಾಗಿ ಹೇಳಿ. ಮೂರು, ಉಪವಾಸದ್ದಲ್ಲದ ತರಕಾರಿ ಅಡುಗೆಗೆ ನಿಟರ್ ಕಿಬೆ ಅನ್ನುವ ಮಸಾಲೆ ತುಪ್ಪ ಹಾಕುತ್ತಾರೆ. ನಮ್ಮವರಿಗೆ ತುಪ್ಪ ತೊಂದರೆಯಿಲ್ಲ, ಹಾಲಿನ ಪದಾರ್ಥ ಆಗದವರು ಮಾತ್ರ ಕೇಳಿಕೊಳ್ಳಬೇಕು. ನಾಲ್ಕು, ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿಗೆ ಇದು ಸರಿಯಾದ ಜಾಗ ಅಲ್ಲ. ಸಾರು ಶುರುವಾಗುವುದೇ ಈರುಳ್ಳಿಯಿಂದ. ಅವರನ್ನು ಅಲ್ಲಿ ಕೂರಿಸಿ ಬರೀ ಸಲಾಡ್ ತಿನ್ನಿಸುವುದಕ್ಕಿಂತ ಅವರ ದಿನ ಬೇರೆ ಇಟ್ಟುಕೊಳ್ಳಿ.

ಹಲಾಲ್ ಮತ್ತು ದನದ ಮಾಂಸ

ಇಥಿಯೋಪಿಯಾದಲ್ಲಿ ಕ್ರೈಸ್ತರೂ ಮುಸ್ಲಿಮರೂ ಸಾಂಪ್ರದಾಯಿಕವಾಗಿ ಹಂದಿ ತಿನ್ನುವುದಿಲ್ಲ. ಹಾಗಾಗಿ ಮೆನುವಿನಲ್ಲಿ ಹಂದಿ ಕಾಣುವುದು ಅಪರೂಪ. ಹಂದಿ ಇಲ್ಲ ಅಂದಾಕ್ಷಣ ಎಲ್ಲ ಹಲಾಲ್ ಅಂತ ನಮ್ಮ ಬ್ಯಾರಿ, ನವಾಯತ, ದಖನಿ ಸಹೋದರರು ತೀರ್ಮಾನಿಸಬಾರದು. ಅಲ್ಲಿ ಎರಡೂ ಸಮುದಾಯದವರು ತಮ್ಮ ತಮ್ಮ ರೀತಿಯಲ್ಲಿ ಕೊಯ್ದ ಮಾಂಸವನ್ನು ಮಾತ್ರ ತಿನ್ನುವ ವಾಡಿಕೆ ಇದೆ. ಲಂಡನ್‌ನಲ್ಲಿ ಕೆಲವು ಹೋಟೆಲ್‌ಗಳು ಹಲಾಲ್ ಮಾಂಸ ತರಿಸುತ್ತವೆ, ಕೆಲವು ಇಲ್ಲ. 'ಹಲಾಲ್ ಇದೆಯಾ' ಅಂತ ಕೇಳಿದರೆ ಸಾಲದು, 'ಎಲ್ಲ ಮಾಂಸವೂ ಹಲಾಲಾ, ಕೋಳಿ ಮಾತ್ರನಾ' ಅಂತ ಕೇಳಿ. ಬ್ರಿಟನ್‌ನಲ್ಲಿ ಹಲಾಲ್ ಪ್ರಮಾಣಪತ್ರ ಕೊಡುವುದು ಸರ್ಕಾರ ಅಲ್ಲ, ಎಚ್‌ಎಂಸಿ, ಎಚ್‌ಎಫ್‌ಎ ಥರದ ಖಾಸಗಿ ಸಂಸ್ಥೆಗಳು. ಅನುಮಾನ ಇದ್ರೆ ಯೆಟ್ಸೊಮ್ ತಟ್ಟೆ ಎಲ್ಲರಿಗೂ ಕ್ಷೇಮ. ಮದ್ಯದ ವಿಷಯದಲ್ಲೂ ಗಮನ ಇರಲಿ: ತೆಜ್ ಅಂದ್ರೆ ಜೇನಿನ ಶರಬತ್ತು ಅಂದುಕೊಳ್ಳಬೇಡಿ, ಅದು ಜೇನಿನಿಂದ ಮಾಡಿದ ಮದ್ಯ.

ದನದ ಮಾಂಸ ತಿನ್ನದವರು ಕೋಳಿ ಅಥವಾ ಕುರಿ ಅಂತ ಹೆಸರು ಹೇಳಿಯೇ ಆರ್ಡರ್ ಮಾಡಿ. 'ಮಿಕ್ಸೆಡ್ ಪ್ಲ್ಯಾಟರ್' ಅಂದ್ರೆ ಅದರಲ್ಲಿ ದನದ ಮಾಂಸ ಇರುವ ಸಂಭವವೇ ಜಾಸ್ತಿ.

ಒಂದೇ ತಟ್ಟೆ ಮತ್ತು ಎಂಜಲಿನ ಪ್ರಶ್ನೆ

ಮಾಂಸ ತಿನ್ನುವವರೂ ತಿನ್ನದವರೂ ಒಂದೇ ಕುಟುಂಬದಲ್ಲಿರುವುದು ಈಗ ಸಾಮಾನ್ಯ. ಇಂಥವರು ಎರಡು ತಟ್ಟೆ ಕೇಳಿ: ಒಂದು ಪೂರ್ತಿ ಉಪವಾಸದ್ದು, ಇನ್ನೊಂದು ಮಾಂಸದ್ದು. ಒಂದೇ ಇಂಜೆರಾದ ಮೇಲೆ ಅರ್ಧ ಅದು, ಅರ್ಧ ಇದು ಬಡಿಸಿದರೆ ಸಾರು ಹರಿದು ಸೇರಿಕೊಳ್ಳುತ್ತದೆ. ಆಮೇಲೆ ಅಮ್ಮ ಮಾತಾಡದೆ ಕೈ ತೊಳೆದುಕೊಳ್ಳುತ್ತಾರೆ, ಸೊಸೆಗೆ ಕಸಿವಿಸಿ. ಎರಡು ತಟ್ಟೆ ಅಂದ್ರೆ ಖರ್ಚು ದುಪ್ಪಟ್ಟು ಅಲ್ಲ. ಅಷ್ಟೇ ಪದಾರ್ಥ ಎರಡು ಕಡೆ ಹಂಚಿಕೆಯಾಗುತ್ತದೆ, ಅಷ್ಟೆ. ಸುರುಳಿ ಇಂಜೆರಾದ ಬುಟ್ಟಿಯನ್ನೂ ಎರಡು ಮಾಡಿಸಿ.

ಎಂಜಲಿನ ಬಗ್ಗೆ ಹೇಳುವುದಾದರೆ, ಅವರ ಶಿಸ್ತೂ ನಮ್ಮದರ ಹಾಗೇ ಇದೆ. ಊಟಕ್ಕೆ ಮುಂಚೆ ಕೈ ತೊಳೆಯಬೇಕು. ಬಲಗೈ ಮಾತ್ರ ಬಳಸಬೇಕು. ತನ್ನ ಎದುರಿನ ಭಾಗದಿಂದ ಮಾತ್ರ ತೆಗೆದುಕೊಳ್ಳಬೇಕು. ಬೆರಳು ನೆಕ್ಕಬಾರದು. ಕಚ್ಚಿದ ತುಂಡನ್ನು ಮತ್ತೆ ತಟ್ಟೆಗೆ ಅದ್ದಬಾರದು, ಪ್ರತಿ ತುತ್ತಿಗೂ ಹೊಸ ತುಂಡು. ರೂಮಿನಲ್ಲಿ ನಾಲ್ಕೈದು ಜನ ಒಂದು ದೊಡ್ಡ ತಟ್ಟೆಯಲ್ಲಿ ಮಂದಿ ಹಂಚಿಕೊಂಡು ತಿಂದ ಗಲ್ಫ್‌ನ ನಮ್ಮ ಹುಡುಗರಿಗೆ ಇದೇನೂ ಹೊಸದಲ್ಲ. ಊರಿಂದ ಬಂದ ಹಿರಿಯರಿಗೆ ಮಾತ್ರ ಮೊದಲೇ ವಿವರಿಸಿ. ಆದರೂ ಮನಸ್ಸು ಒಪ್ಪದಿದ್ದರೆ ಒತ್ತಾಯ ಬೇಡ. ಖಾಲಿ ತಟ್ಟೆ ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಅದರಲ್ಲಿ ಒಂದು ಇಂಜೆರಾ ಹಾಸಿ ಮೊದಲೇ ತೆಗೆದಿಟ್ಟರಾಯಿತು. ಅವರೂ ಅದೇ ಮೇಜಿನಲ್ಲೇ ಕೂತಿರುತ್ತಾರಲ್ಲ.

ಇನ್ನೊಂದು ಪದ್ಧತಿ ಗುರ್ಶಾ. ಇಂಜೆರಾದಲ್ಲಿ ಪಲ್ಯ ಸುತ್ತಿ ತುತ್ತು ಮಾಡಿ ಪಕ್ಕದವರ ಬಾಯಿಗೆ ಇಡುವುದು. ಪ್ರೀತಿ, ಗೌರವದ ಗುರುತು ಅದು. ನಮ್ಮ ಕೈತುತ್ತು ನೆನಪಾಗದೆ ಇರುವುದಿಲ್ಲ. ಸುತ್ತ ಕೂರಿಸಿಕೊಂಡು ಅಜ್ಜಿ ಕೈತುತ್ತು ಹಾಕಿದ ಮಕ್ಕಳು ಈಗ ಒಬ್ಬರು ಅಬುಧಾಬಿ, ಒಬ್ಬರು ಲಂಡನ್. ವೀಡಿಯೊ ಕಾಲ್‌ನಲ್ಲಿ ಎಲ್ಲ ಕಾಣುತ್ತದೆ, ತುತ್ತು ಒಂದು ಮಾತ್ರ ದಾಟಿ ಬರುವುದಿಲ್ಲ. ಬಹಳ ದಿನ ದೂರ ಇದ್ದ ಅಪ್ಪ ಮಗಳಿಗೆ ಒಂದು ತುತ್ತು ಇಡಲಿ. ಬೇರೆ ಹೋಟೆಲ್‌ನಲ್ಲಾದರೆ ಮುಜುಗರ, ಇಲ್ಲಿ ಅದೇ ಮರ್ಯಾದೆ.

ಮಕ್ಕಳು, ಅಲರ್ಜಿ, ಆರೋಗ್ಯ

ಮಕ್ಕಳಿಗೆ ಅಲಿಚಾ, ಆಲೂಗಡ್ಡೆ ಪಲ್ಯ, ಅಯಿಬ್ ಸರಿಹೋಗುತ್ತದೆ. ಕೈ ವೊಟ್ ಖಾರ ನಮ್ಮ ಕೋಳಿ ಸುಕ್ಕಕ್ಕೆ ಕಡಿಮೆ ಇಲ್ಲ. ಟೆಫ್‌ನಲ್ಲಿ ಗ್ಲುಟೆನ್ ಇಲ್ಲ ಅನ್ನುವುದು ನಿಜ. ಆದರೆ ಟೆಫ್ ದುಬಾರಿಯಾದ್ದರಿಂದ ಆಫ್ರಿಕಾದ ಹೊರಗೆ ಗೋಧಿ, ಬಾರ್ಲಿ ಅಥವಾ ಅಕ್ಕಿ ಹಿಟ್ಟು ಬೆರೆಸುವುದು ಸಾಮಾನ್ಯ. ಗೋಧಿ ಆಗದವರು 'ಪೂರ್ತಿ ಟೆಫ್ ಇಂಜೆರಾ ಇದೆಯಾ' ಅಂತ ಫೋನಿನಲ್ಲೇ ಕೇಳಿ, ಕೆಲವು ಕಡೆ ಮುಂಚಿತವಾಗಿ ಹೇಳಿದರೆ ಮಾಡಿಕೊಡುತ್ತಾರೆ. ಬ್ರಿಟನ್ ಕಾನೂನಿನ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಎಳ್ಳು, ಸಾಸಿವೆ, ಕಡಲೆಕಾಯಿ ಸೇರಿ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿಯನ್ನು ಹೋಟೆಲ್ ಕೊಡಲೇಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಇಂಜೆರಾ ಹೊಟ್ಟೆಯಲ್ಲಿ ಉಬ್ಬುತ್ತದೆ. ಆರು ಜನಕ್ಕೆ ಮೊದಲು ನಾಲ್ಕು ಜನದ ಲೆಕ್ಕದಲ್ಲಿ ಆರ್ಡರ್ ಮಾಡಿ, ಬೇಕಾದ್ರೆ ಮತ್ತೆ ಹೇಳಿ.

ಕಾಫಿ ಕುಡಿಯದೆ ಏಳಬೇಡಿ

ಅರೇಬಿಕಾ ಕಾಫಿಯ ಮೂಲ ಇಥಿಯೋಪಿಯಾದ ನೈಋತ್ಯದ ಕಾಡುಗಳು. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮನ್‌ಗೆ ಹೋಯಿತು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನ ಮೋಖಾದಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಅಂತ ನಮ್ಮಲ್ಲಿ ಐತಿಹ್ಯವಿದೆ. ಅಂದ್ರೆ ನಮ್ಮ ಫಿಲ್ಟರ್ ಕಾಫಿಯ ಅಜ್ಜನ ಮನೆ ಇದು.

ಇಥಿಯೋಪಿಯಾದ ಕಾಫಿ ಪದ್ಧತಿಯಲ್ಲಿ ಹಸಿ ಬೀಜವನ್ನು ನಿಮ್ಮೆದುರೇ ಹುರಿದು, ಹೊಗೆಯ ಪರಿಮಳವನ್ನು ಎಲ್ಲರ ಮುಂದೆ ಹಿಡಿದು, ಪುಡಿ ಮಾಡಿ, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಹಿಡಿ ಇಲ್ಲದ ಚಿಕ್ಕ ಕಪ್‌ಗಳಲ್ಲಿ ಕೊಡುತ್ತಾರೆ, ಜೊತೆಗೆ ಪಾಪ್‌ಕಾರ್ನ್. ಮೂರು ಸುತ್ತು: ಅಬೋಲ್, ಟೋನಾ, ಬೆರೆಕಾ. ಮೂರನೆಯದರ ಅರ್ಥ ಆಶೀರ್ವಾದ. ಗಲ್ಫ್‌ನಲ್ಲಿ ದಿನಾ ಕೇಳುವ ಬರ್ಕತ್ ಇದೇ ಶಬ್ದ. ಇದಕ್ಕೆ ಅರ್ಧ ಗಂಟೆಗೂ ಮೇಲೆ ಬೇಕು, ಎಲ್ಲ ಹೋಟೆಲ್‌ನಲ್ಲಿ ಎಲ್ಲ ದಿನ ಇರುವುದಿಲ್ಲ. ಮೇಜು ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಬಿಲ್ಲಿನ ಲೆಕ್ಕ

ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು, ಆದ್ದರಿಂದ ಈ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು, ವ್ಯಾಟ್. ಬ್ರಿಟನ್‌ನಲ್ಲಿ ಹೋಟೆಲ್ ಊಟಕ್ಕೆ ಶೇ. 20 ವ್ಯಾಟ್. ಯುಎಇ, ಒಮಾನ್‌ನಲ್ಲಿ ಶೇ. 5, ಬಹರೈನ್‌ನಲ್ಲಿ ಶೇ. 10, ಸೌದಿಯಲ್ಲಿ ಶೇ. 15 ನೋಡಿದವರಿಗೆ ಇದು ಭಾರೀ ಅನ್ನಿಸಬಹುದು. ಆದರೆ ಮೆನುವಿನಲ್ಲಿ ಬರೆದ ಬೆಲೆಯಲ್ಲೇ ಅದು ಸೇರಿರುತ್ತದೆ, ಮೇಲೆ ಮತ್ತೆ ಕೂಡಿಸುವುದಿಲ್ಲ. ಪ್ರವಾಸಿಗರಿಗೆ ವಿಮಾನ ನಿಲ್ದಾಣದಲ್ಲಿ ಈ ವ್ಯಾಟ್ ವಾಪಸ್ ಸಿಗುವುದಿಲ್ಲ. ಅಂಗಡಿ ಸಾಮಾನಿಗೆ ಇದ್ದ ಆ ಸೌಲಭ್ಯವೂ 2020ರ ಕೊನೆಗೆ ನಿಂತಿದೆ.

ಎರಡು, ಸರ್ವಿಸ್ ಚಾರ್ಜ್. ಲಂಡನ್‌ನ ಅನೇಕ ಹೋಟೆಲ್‌ಗಳು ಬಿಲ್‌ಗೆ ಶೇ. 12.5 ಸೇರಿಸುತ್ತವೆ. 'ಆಪ್ಷನಲ್' ಅಥವಾ 'ಡಿಸ್ಕ್ರೀಷನರಿ' ಅಂತ ಬರೆದಿದ್ದರೆ ಅದು ಕಡ್ಡಾಯವಲ್ಲ. ಉದಾಹರಣೆಗೆ, ಊಟದ ಮೊತ್ತ 80 ಪೌಂಡ್ ಅಂದುಕೊಳ್ಳಿ. ಅದರೊಳಗೆ ವ್ಯಾಟ್ 13.33 ಪೌಂಡ್ ಆಗಲೇ ಇದೆ. ಸರ್ವಿಸ್ ಚಾರ್ಜ್ 10 ಪೌಂಡ್. ಕೊಡಬೇಕಾದದ್ದು 90. ಇದರ ಮೇಲೆ ಮತ್ತೆ ಟಿಪ್ಸ್ ಇಡಬೇಕಾಗಿಲ್ಲ. 2024ರ ಅಕ್ಟೋಬರ್ 1ರಿಂದ ಜಾರಿಯಾದ ಕಾನೂನಿನ ಪ್ರಕಾರ ಮಾಲೀಕರು ಟಿಪ್ಸ್ ಮತ್ತು ಸರ್ವಿಸ್ ಚಾರ್ಜ್ ಹಣವನ್ನು ಪೂರ್ತಿಯಾಗಿ ಕೆಲಸಗಾರರಿಗೇ ಹಂಚಬೇಕು. ತೆರಿಗೆ ಬಿಟ್ಟು ಬೇರೆ ಕಡಿತ ಮಾಡುವಂತಿಲ್ಲ. ಹೋಟೆಲ್‌ಗಳಲ್ಲಿ ನಿಂತು ದುಡಿಯುವ ನಮ್ಮ ಓದುಗರಿಗೆ ಈ ಮಾತಿನ ತೂಕ ವಿವರಿಸಬೇಕಾಗಿಲ್ಲ. ಸೇವೆ ಚೆನ್ನಾಗಿದ್ದರೆ ಆ 10 ಪೌಂಡ್ ತೆಗೆಸಬೇಡಿ.

ಮೂರು, ನೀರು. ಮದ್ಯ ಮಾರುವ ಲೈಸೆನ್ಸ್ ಇರುವ ಹೋಟೆಲ್ ಇಂಗ್ಲೆಂಡಿನಲ್ಲಿ ಗಿರಾಕಿ ಕೇಳಿದರೆ ಕುಡಿಯುವ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕು. ಬರೀ 'ವಾಟರ್' ಅಂದ್ರೆ ಬಾಟಲಿ ಬರುತ್ತದೆ, 'ಟ್ಯಾಪ್ ವಾಟರ್' ಅಂತ ಹೇಳಿ. ಅಲ್ಲಿಯ ನಲ್ಲಿ ನೀರು ಕುಡಿಯಲು ಸುರಕ್ಷಿತ.

ನಾಲ್ಕು, ಕಾರ್ಡ್. ಗಲ್ಫ್ ಬ್ಯಾಂಕಿನ ಕಾರ್ಡ್ ಹಾಕಿದಾಗ ಮೆಷಿನ್ 'ದಿರ್ಹಮ್‌ನಲ್ಲೋ ಪೌಂಡ್‌ನಲ್ಲೋ' ಅಂತ ಕೇಳಬಹುದು. ಪೌಂಡ್ ಒತ್ತಿ. ದಿರ್ಹಮ್ ಅಥವಾ ರಿಯಾಲ್ ಒತ್ತಿದರೆ ಆ ಮೆಷಿನ್‌ನವರು ಹಾಕಿದ ವಿನಿಮಯ ದರ ಬೀಳುತ್ತದೆ, ಅದು ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನ ದರಕ್ಕಿಂತ ದುಬಾರಿ.

ಐದು, ಓಡಾಟ. ಹಣ ಕೊಟ್ಟು ಪ್ರಯಾಣಿಸುವ ದೊಡ್ಡವರ ಜೊತೆ 11 ವರ್ಷದೊಳಗಿನ ಮಕ್ಕಳು ಟ್ಯೂಬ್ ರೈಲಿನಲ್ಲಿ ಉಚಿತ, ಒಬ್ಬ ದೊಡ್ಡವರಿಗೆ ನಾಲ್ಕು ಮಕ್ಕಳವರೆಗೆ. ಟ್ಯಾಕ್ಸಿಯ ದುಡ್ಡು ಉಳಿಸಿ ಊಟಕ್ಕೆ ಹಾಕಬಹುದು.

ಗಲ್ಫ್‌ಗೆ ವಾಪಸ್ ಬಂದ ಮೇಲೆ

ನಮ್ಮಲ್ಲಿ ಅನೇಕರು ಇಥಿಯೋಪಿಯನ್ನರನ್ನು ಮೊದಲು ನೋಡಿದ್ದು ಗಲ್ಫ್‌ನಲ್ಲಿ, ಮನೆಗೆಲಸದವರಾಗಿ, ಕ್ಲೀನಿಂಗ್ ಕಂಪನಿಯ ಹುಡುಗಿಯರಾಗಿ. 'ಹಬಶಿ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅವರೂ ನಮ್ಮ ಹಾಗೇ ಊರಿನ ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸುವವರು, ಮಕ್ಕಳನ್ನು ಬಿಟ್ಟು ಬಂದವರು. ಹುಳಿ ಹಿಟ್ಟಿನ ದೋಸೆ ತಿಂದು, ಹಬ್ಬಕ್ಕೆ ಉಪವಾಸ ಮಾಡಿ, ಮಕ್ಕಳಿಗೆ ಕೈತುತ್ತು ಹಾಕಿ ಬೆಳೆಸಿದವರು.

ಲಂಡನ್‌ಗೆ ಹೋಗುವ ಯೋಗ ಎಲ್ಲರಿಗೂ ಇರುವುದಿಲ್ಲ, ಆದರೆ ದುಬೈನ ದೇರಾದಂಥ ಕಡೆ ಇಥಿಯೋಪಿಯಾ ಹೋಟೆಲ್‌ಗಳಿವೆ. ಒಂದು ಶುಕ್ರವಾರ ಹೋಗಿ ಯೆಟ್ಸೊಮ್ ಬೆಯಾಯ್ನೆತು ಕೇಳಿ ನೋಡಿ. ಅವರ ಭಾಷೆಯಲ್ಲಿ ನಮಸ್ಕಾರಕ್ಕೆ 'ಸೆಲಾಮ್' ಅಂದರೆ ಸಾಕು. ಧನ್ಯವಾದಕ್ಕೆ 'ಅಮೆಸೆಗಿನಾಲೆಹು'. ಎರಡನೆಯದು ನಾಲಿಗೆಗೆ ಹೊರಳುವುದು ಸ್ವಲ್ಪ ಕಷ್ಟ, ಆದರೆ ಹೇಳಲು ಪ್ರಯತ್ನಿಸಿದರೆ ಬಡಿಸುವವರ ಮುಖ ಅರಳುತ್ತದೆ.